ಒಂದು ಒಣ ಸೀರಿಗೆ ಅವ್ವನ ಜೋಡಿ ಜಗಳ

ತ್ರ್ಯಂಬಕೇಶ್ವರನ ಬಾಗಲಾ ಇನ್ನ ಹತ್ತ ಹೆಜ್ಜಿ ಇತ್ರಿ. ಹೋದ ವರ್ಷದ ಶ್ರಾವಣ, ಎರಡನೇ ಸೋಮವಾರ. ಮೂರು ತಾಸು ಸರತಿಯೊಳಗ ನಿಂತಿದ್ನಿ. ಅಷ್ಟರಾಗ ಹಿಂದಿನಿಂದ ಯಾರೋ ದೂಡಿದ್ರು, ನನಗ ಕೆಮ್ಮು ಬಂತು. ಒಂದಲ್ಲ, ಮೂರ್ನಾಕು. ಲಂಗ ತೊಯ್ದು ಸೀರಿ ತನಕ ಬಂತು. ಹಿಂದಿದ್ದ ಮರಾಠಿ ಹೆಣ್ಮಗಳು "ಅಹೋ ತಾಯಿ, ಪುಢೆ ಚಲಾ ನಾ" ಅಂತ ಮುಂದ ನಡೀರಿ ಅನ್ನಾಕತ್ತಿದ್ಲು. ಉಚ್ಚಿ ಆದಾಕಿ ದೇವರ ಮುಂದ ಯಾವ ಮುಖ ಇಟಗೊಂಡು ಹೋಗ್ಲಿ? ಕಬ್ಬಿಣದ ಸರಳಿನ ಕೆಳಗ ನುಸುಳಿ ಹೊರಗ ಬಂದ್ನಿ. ಶೇರ್ ಜೀಪಿನ ಹಿಂದಿನ ಸೀಟಿನ್ಯಾಗ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕುಂತು ನಾಸಿಕಕ್ಕ ವಾಪಸ್ ಬಂದ್ನಿ. ದಾರಿಯೊಳಗ ಅಳಲಿಲ್ಲ. ಬೈದ್ನಿ. ಶಿವನ್ನ ಬೈದ್ನಿ, ನನ್ನ ಮೈನ್ನ ಬೈದ್ನಿ.

ಅವ್ವನ ಮಕ್ಕಳಾದ ಎಲ್ಲಾರಿಗೂ ಶರಣು. ನಾನು ಸುವರ್ಣಾ. ಊರು ಬಾಗಲಕೋಟಿ ಕಡೆ, ಮನಿದೇವ್ರು ಬನಶಂಕರಿ, ನಾವು ಆಕಿಗೆ ಅವ್ವ ಅಂತೀವಿ. ಮನಿಯವರು ಬ್ಯಾಂಕಿನವರು, ವರ್ಗ ಆಗಿ ಬಂದು ಹನ್ನೆರಡು ವರ್ಷದಿಂದ ನಾಸಿಕದಾಗ ಅದೀವಿ. ಇಲ್ಲಿಯ ಕನ್ನಡ ಹೆಣ್ಮಕ್ಕಳ ಭಜನಾ ಮಂಡಳಿಯೊಳಗ ನವರಾತ್ರಿ ಪಾರಾಯಣ ಓದಾಕಿ ನಾನ. ನಿಮ್ಮ ಅನುಭವ ಬರೀರಿ ಅಂತ ಮಂಡಳಿಯವರು ಕೇಳ್ಯಾರ. ಬರೀತೀನಿ. ಆದ್ರ ಸಮಾಧಾನದ್ಲೆ ಬರೀತೀನಿ ಅಂತ ಮಾತು ಕೊಡಂಗಿಲ್ಲ. ನನ್ನ ಸಿಟ್ಟು ಇನ್ನೂ ಪೂರಾ ಇಳಿದಿಲ್ಲ.

ಇದು ನಿನ್ನಿ ಮೊನ್ನಿದಲ್ಲ. ಮಗಳನ್ನ ಹಡೆದ ಮ್ಯಾಲ ಶುರು ಆದದ್ದು. ಸೀನಿದ್ರ ಒಂದು ಹನಿ, ನಕ್ಕರ ಎರಡು ಹನಿ. ನಮ್ಮ ಅತ್ತಿಯವರಿಗೆ ಹೇಳಿದ್ರ "ಹೆಣ್ಣು ಜನ್ಮ ಅಂದ್ಮ್ಯಾಲ ಇದ್ದದ್ದ ಬಿಡವಾ" ಅಂದ್ರು. ನನ್ನ ಹಡದವ್ವಗ ಹೇಳಿದ್ರ "ನನಗಿಲ್ಲೇನು?" ಅಂದ್ಲು. ಇಪ್ಪತ್ತೆರಡು ವರ್ಷ ಹಂಗ ಹೋತು. ಕಡೀ ನಾಕು ವರ್ಷ ಮಾತ್ರ ತಡಿಯಾಕ ಆಗದಷ್ಟು ಆತು. ಕೊಡ ಎತ್ತಿದ್ರ ಸೋರಿತು, ಮೆಟ್ಟಲಾ ಇಳಿದ್ರ ಸೋರಿತು. ನಾ ಏನ ಮಾಡಿದ್ನಿ ಗೊತ್ತೇನ್ರಿ? ನೀರು ಕುಡಿಯೂದ ಬಿಟ್ನಿ. ಬೆಳಗಾಗಿಂದ ಪೂಜಿ ಮುಗಿಯೂತನಕ ಒಂದು ಗುಟುಕು ಇಲ್ಲ. ಬರಲಿ ಬರದಿರಲಿ, ಅರ್ಧ ತಾಸಿಗೊಮ್ಮೆ ಬಚ್ಚಲಕ್ಕ ಹೋಗೂದು. ಹೋದಾಗೊಮ್ಮೆ ಮೈಲಿಗಿ ಅಂತ ಮತ್ತ ಸ್ನಾನ. ಮಡಿನೀರು ಅಂತ ತಾಮ್ರದ ಕೊಡ ನಾನ ಎತ್ತೂದು. ಇದರಾಗ ಒಂದೂ ನೆಟ್ಟಗಿದ್ದಿಲ್ಲ ಅಂತ ಆಮ್ಯಾಲ ತಿಳೀತು.

ನಮ್ಮ ಮಂಡಳಿಯೊಳಗ ಒಂದು ಕಟ್ಟಳೆ ಐತಿ. ಪಾರಾಯಣಕ್ಕ ಕುಂತ್ರ ಮಂಗಳಾರತಿ ತನಕ ಯಾರೂ ಏಳಬಾರದು. ಮೂರು ತಾಸು. ಓದಾಕೀನೂ ಏಳಂಗಿಲ್ಲ, ಕೇಳಾಕೀನೂ ಏಳಂಗಿಲ್ಲ. ಇದನ್ನ ಕಾಯೂದು ಶಾಂತಕ್ಕನ ಕೆಲಸ. ಎಪ್ಪತ್ತು ದಾಟಿದ ಹಿರಿ ಜೀವ, ಪಾರಾಯಣ ನಡಿಯೂದು ಅವರ ಮನಿ ಹಾಲಿನ್ಯಾಗ. ಯಾರರ ಮಿಸುಕಿದ್ರ ಕನ್ನಡಕದ ಮ್ಯಾಲಿಂದ ಒಂದು ನೋಟ ಬೀರತಾರ, ಅಷ್ಟ ಸಾಕು. ಹೋದ ವರ್ಷದ ನವರಾತ್ರಿಗೆ ನಾ ಮಣಕಾಲ ನೋವು ಅಂತ ಸುಳ್ಳ ಹೇಳಿದ್ನಿ. ಒಂಬತ್ತು ವರ್ಷದ ನನ್ನ ಜಾಗಾಕ್ಕ ಬ್ಯಾರೆಯವರು ಕುಂತ್ರು. ನಾ ಅಡಿಗಿಮನಿ ಬಾಗಲಾ ಹಿಂದ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕುಂತು ಕೇಳಿದ್ನಿ. ಎಂಟನೇ ದಿನ ಅಲ್ಲೇ ಕೈ ಮುಗಿದು ಕೇಳಕೊಂಡ್ನಿ: "ಅವ್ವಾ, ಬಂಗಾರ ಬೇಡಿಲ್ಲ, ಬಂಗ್ಲೆ ಬೇಡಿಲ್ಲ. ಒಂದು ಸಲ ನಿನ್ನ ಮುಂದ ಒಣ ಸೀರಿ ಮ್ಯಾಲ ಕುಂದ್ರಸು. ಅದೂ ಆಗದಿದ್ರ ನೀ ಎಂಥಾ ಅವ್ವ?" ಹಂಗ ಅಂದೀನಿ. ಮುಚ್ಚಿಡಂಗಿಲ್ಲ.

ಆಮ್ಯಾಲ ಧೈರ್ಯ ಮಾಡಿ ಒಂದು ಖಾಸಗಿ ದವಾಖಾನಿಗೆ ಹೋದ್ನಿ. ಎರಡು ತಾಸು ಕಾದ್ನಿ, ಡಾಕ್ಟರ್ ನಾಕ ಮಿನಿಟು ಮಾತಾಡಿದ್ರು. ಮುಖ ಎತ್ತಲಿಲ್ಲ. "ಎಷ್ಟು ವಯಸ್ಸು? ಐವತ್ತು? ಮಕ್ಕಳಾಗ್ಯಾವ? ಹಂಗಾದ್ರ ಆ ಚೀಲ ಇಟಗೊಂಡು ಏನ ಮಾಡ್ತೀರಿ, ತೆಗದು ಬಿಡೂಣು." ಹಳೆ ಕಪಾಟು ಮನಿಯಿಂದ ಹೊರಗ ಹಾಕಿದಂಗ! ನನ್ನ ಗರ್ಭಚೀಲರೀ ಅದು. ಮುಟ್ಟಿ ನೋಡಿದ್ದಿಲ್ಲ, ಯಾವಾಗ ಸೋರತೈತಿ, ಎಷ್ಟು ಸೋರತೈತಿ ಅಂತ ಕೇಳಿದ್ದಿಲ್ಲ. ಸಂಕ್ರಾಂತಿ ಮುಗಿದ ಮ್ಯಾಲಿನ ಒಂದು ದಿನ ಬರಕೊಟ್ರು. ನಾನೂ ತಲಿ ಆಡಿಸಿ ಹೊರಗ ಬಂದ್ನಿ. ಬಾಯಿ ಬಡಕಿ ಅಂತ ಹೆಸರಾದಾಕಿ ಅಲ್ಲಿ ಮೂಕಿ ಆಗಿ ಕುಂತ್ನೆಲ್ಲಾ ಅಂತ ಇವತ್ತಿಗೂ ಹಲ್ಲ ಕಡೀತೀನಿ.

ಮನಿಯವರಿಗೆ ಇದನ್ನ ಫೋನಿನ್ಯಾಗ ಹೇಳಾಕ ಆಗಲಿಲ್ಲ. ಅವರಿಗೆ ಸಂಭಾಜಿನಗರದ ಶಾಖೆಗೆ ವರ್ಗ ಆಗಿ ಒಂದೂವರೆ ವರ್ಷ ಆಗಿತ್ತು. ಅಲ್ಲೇ ಚಿಕಲಠಾಣಾ ಕಡೆ ಒಂದು ಖೋಲಿ ಮಾಡಿದ್ರು. ಮೊದಲ ವಾರಾ ವಾರಾ ಮನಿಗೆ ಬರೂ ಮನಶಾ, ಪ್ರಾಸ್ಟೇಟ್ ಗ್ರಂಥಿ ಆಪರೇಷನ್ ಆದಾಗಿಂದ ತಿಂಗಳಿಗೊಮ್ಮೆ ಬರಾಕ ಹತ್ತಿದ್ರು. ಬಂದ್ರೂ ಗುಡಿಗೆ ಬರ್ರಿ ಅಂದ್ರ ವಲ್ಲೆ, ನೆಂಟರ ಮನಿಗೆ ವಲ್ಲೆ. ಕೆಲಸ ಅಂತಿದ್ರು. ನನ್ನ ಮ್ಯಾಲಿನ ಮನಸ್ಸ ಹೋಗೇತಿ ಅಂತ ನಾ ತಿಳಕೊಂಡಿದ್ನಿ. ಎದುರಿಗೇ ಹೇಳೂಣು ಅಂತ ಜನವರಿಯೊಳಗ ಒಂದು ಸೋಮವಾರ ಮುಂಜಾನೆ ಬಸ್ಸು ಹತ್ತಿದ್ನಿ. ನಾಸಿಕದಿಂದ ಅಲ್ಲಿಗೆ ಅರ್ಧ ದಿನದ ದಾರಿ. ಸ್ಟ್ಯಾಂಡಿನ್ಯಾಗ ಎರಡು ಸಲ ಹೋಗಿ ಬಂದ್ನಿ, ನೀರು ಮುಟ್ಟಲಿಲ್ಲ, ಅವ್ವನ ಹೆಸರು ತಗೊಂಡು ಕುಂತ್ನಿ.

ಬಾಜೂಕ ಒಬ್ಬಾಕಿ ಕುಂತಿದ್ಲು. ಬಿಸಿಲಿಗೆ ಸುಟ್ಟ ಮುಖ, ಸಿಮೆಂಟಿಗೆ ಒಡದ ಕೈ, ಕಾಲ ಬುಡಕ ಅರಿಬಿ ಗಂಟು. ಕಂಡಕ್ಟರ್ ಜೋಡಿ ಮರಾಠಿ, ಫೋನಿನ್ಯಾಗ ನಮ್ಮ ಕನ್ನಡ. ಸಿಂದಗಿ ಕಡೆಯಾಕಿ, ಲಕ್ಷ್ಮವ್ವ ಅಂತ. ಚಿಕಲಠಾಣಾದಾಗ ಕಟ್ಟಡದ ಕೆಲಸಕ್ಕ ಗಂಡ ಹೆಂಡತಿ ಇಬ್ಬರೂ ದುಡೀತಿದ್ರು. ನಾ ಬ್ಯಾಂಕಿನವರ ಹೆಂಡ್ತಿ ಅಲ್ಲೇನ್ರಿ, ಹೂಂ ಹೂಂ ಅಂದು ಕಿಟಕಿ ಕಡೆ ಮುಖ ಮಾಡಿದ್ನಿ. ಆ ಡೌಲಿಗೂ ಅವ್ವ ಉತ್ತರ ಇಟ್ಟಿದ್ಲು. ಗಂಗಾಪುರ ದಾಟಿದ ಮ್ಯಾಲ ಬಸ್ಸು ಒಂದು ತೆಗ್ಗಿಗೆ ಬಿತ್ತು, ಅದ ಹೊತ್ತಿಗೆ ನನಗ ಸೀನು ಬಂತು. ಸೀಟು ತೊಯ್ದು ಹೋತು. ಬಿಸಿ ಬಿಸಿ ಆದದ್ದು ಆಕಿಗೂ ಹತ್ತಿರಬೇಕು. ಧರಣಿ ಬಾಯಿ ಬಿಟ್ರ ಒಳಗ ಹೋಗ್ತಿದ್ನಿ.

ಲಕ್ಷ್ಮವ್ವ ಮಿಸುಕಲಿಲ್ಲ. ತನ್ನ ಗಂಟು ಬಿಚ್ಚಿ ಒಂದು ಹಳೆ ಸೀರಿ ತಗದು ನನ್ನ ತೊಡಿ ಮ್ಯಾಲ ಹಾಕಿದ್ಲು. "ಏಳಬ್ಯಾಡ್ರಿ ಅಕ್ಕಾರ. ಸ್ಟ್ಯಾಂಡ್ ಬಂದ ಮ್ಯಾಲ ನಾ ಹಿಂದ ಬರ್ತೀನಿ, ಯಾರಿಗೂ ಕಾಣಂಗಿಲ್ಲ" ಅಂದ್ಲು.

"ನನಗ ಇದೊಂದು..." ಅಂತ ನಾ ತೊದಲಿದ್ನಿ.

"ಅದಕ್ಕ ನಾಚಿಕಿ ಯಾಕ್ರಿ? ನನಗ ಚೀಲಾನ ಕೆಳಗ ಇಳದಿತ್ತು. ಮೂರನೇದು ಹಡದ ಹನ್ನೆರಡು ದಿನಕ್ಕ ಇಟ್ಟಂಗಿ ಹೊತ್ತೀನಿ ನಾನು. ಕುಂದ್ರಾಕ ಬರ್ತಿದ್ದಿಲ್ಲ, ನಿಂದ್ರಾಕ ಬರ್ತಿದ್ದಿಲ್ಲ."

"ಮತ್ತ? ತೆಗಿಸಿದ್ಯಾ?"

"ಯಾಕ ತೆಗಸ್ಲಿ? ಒಳಗ ರಬ್ಬರಿನ ಬಳಿ ಇಟ್ಟಾರ, ಅದು ಚೀಲಾನ ಮ್ಯಾಲ ಹಿಡೀತೈತಿ. ಸರಕಾರಿ ದೊಡ್ಡ ದವಾಖಾನಿಯೊಳಗ. ಅಲ್ಲೊಬ್ಬ ಹೆಣ್ಮಗಳು ಅದಾರ, ನಾವು ಬಾಯಿ ಅಂತೀವಿ, ಕಸರತ್ತು ಕಲಸ್ತಾರ. ಮಂಗಳವಾರ ಕುಂದ್ರತಾರ. ನಾಳೆ ಮಂಗಳವಾರ ಅಲ್ಲೇನ್ರಿ? ನಾ ಬಳಿ ತೊಳಸಾಕ ಹೊಂಟೀನಿ, ನೀವೂ ಬರ್ರಿ."

ಅವ್ವ ವೇಷ ಹಾಕಿ ಬಂದಿದ್ಲು ಅಂತ ನಾ ಬರಿಯಂಗಿಲ್ಲ. ಲಕ್ಷ್ಮವ್ವ ಲಕ್ಷ್ಮವ್ವನ, ಆಕಿ ಪುಣ್ಯ ಆಕೀದು. ಆದ್ರ ಅಷ್ಟು ದೊಡ್ಡ ಬಸ್ಸಿನ್ಯಾಗ ಆಕಿನ್ನ ತಂದು ನನ್ನ ಬಾಜೂಕ ಕುಂದ್ರಿಸಿದವರು ಯಾರು? ಅದೂ ಅವ್ವನ ವಾರದ ಹಿಂದಿನ ದಿನ?

ಆಕಿ ಹಳೆ ಸೀರಿ ಸುತಕೊಂಡೇ ಮನಿಯವರ ಖೋಲಿಗೆ ಹೋದ್ನಿ. ಅವರು ಇನ್ನ ಬ್ಯಾಂಕಿನ್ಯಾಗ ಇದ್ರು, ಮನಿ ಮಾಲಕರ ಕಡೆ ಕೀಲಿ ಇಸಕೊಂಡ್ನಿ. ಸ್ನಾನ ಮಾಡಿ, ಹಾಸಿಗಿ ಕೊಡವೂಣು ಅಂತ ಚಾದರ ಎತ್ತಿದ್ನಿ. ಕೆಳಗ ರಬ್ಬರ್ ಶೀಟು! ಕೂಸುಗಳಿಗೆ ಹಾಸ್ತೀವಲ್ಲ, ಅದು. ಬಚ್ಚಲದಾಗ ಹಗ್ಗ ಕಟ್ಟಿ ಏಳೆಂಟು ಚಡ್ಡಿ ಒಣಾಕಿದ್ರು. ಸಂಜೀಕ ಅವರು ಬಂದ ಕೂಡ್ಲೆ ಕೇಳಿದ್ನಿ, "ಇದೇನ್ರಿ ಈ ಶೀಟು?"

"ಮಳಿ ಬಂದ್ರ ಮಾಳಿಗಿ ಸೋರತೈತಿ" ಅಂದ್ರು.

ಮೂರು ಅಂತಸ್ತಿನ ಬಿಲ್ಡಿಂಗಿನ್ಯಾಗ ಕೆಳಗಿನ ಖೋಲಿ ಅದು. ಜನವರಿ ತಿಂಗಳು. ನಾ ನಗಲಿಲ್ಲ. ಬಾಜೂಕ ಕುಂತು ನನ್ನ ಕಥಿ ಎಲ್ಲಾ ಹೇಳಿದ್ನಿ. ತ್ರ್ಯಂಬಕದ್ದು, ಪಾರಾಯಣದ್ದು, ಬಸ್ಸಿಂದು. ಅವರು ಬೂಟು ಬಿಚ್ಚೂದ ಬಿಟ್ಟು ಕೇಳಿದ್ರು. ಕಡೀಕ ಸಣ್ಣ ದನಿಯೊಳಗ ಹೇಳಿದ್ರು, "ಆಪರೇಷನ್ ಆದಾಗಿಂದ ನನಗೂ ಹಂಗ ಐತಿ ಸುವರ್ಣಾ. ಕುರ್ಚಿಯಿಂದ ಎದ್ರ ಸೋರತೈತಿ. ಡಾಕ್ಟರ್ 'ಹೊತ್ತು ಹೋದಂಗ ಸರಿ ಆಗತೈತಿ' ಅಂದಿದ್ರು. ಗಂಡಸಾಗಿ ಯಾರ ಮುಂದ ಹೇಳ್ಲಿ?" ಗಂಡ ಹೆಂಡ್ತಿ ಇಬ್ಬರೂ ಒಬ್ಬರಿಗೊಬ್ಬರು ಕಾಣದಂಗ ಒದ್ದಿ ಅರಿಬಿ ಒಗೀತಿದ್ದೆವು. ನಾ ಅವತ್ತ ಅತ್ತಿದ್ದು.

ಮರುದಿನ ಅವರು ರಜಾ ಹಾಕಿದ್ರು. ಲಕ್ಷ್ಮವ್ವ ಸರಕಾರಿ ದವಾಖಾನಿಯ ಚೀಟಿ ಸರತಿಯೊಳಗ ಮೊದಲ ನಿಂತಿದ್ಲು. ಹೆಂಗಸರ ಡಾಕ್ಟರ್ ಒಳಗ ಕರದು, ಕೆಮ್ಮಸಿ, ಮುಟ್ಟಿ ನೋಡಿದ್ರು. ಚೀಲ ಸ್ವಲ್ಪ ಇಳದೈತಿ, ಈಗ ಆಪರೇಷನ್ ಬ್ಯಾಡ, ಚೀಲ ತೆಗದ್ರ ಸೋರೂದು ನಿಂದರತೈತಿ ಅನ್ನೂ ಖಾತ್ರಿ ಇಲ್ಲ ಅಂದ್ರು. ಕೇಳಿ ನನ್ನ ನೆತ್ತಿ ಬಿಸಿ ಆತು. ಹಂಗಾದ್ರ ಆ ನಾಸಿಕದ ದೊಡ್ಡ ಮನಶಾ ಯಾವುದಕ್ಕ ಕತ್ತರಿ ಹಿಡದು ಕುಂತಿದ್ದ?

ಆಮ್ಯಾಲ ಕಸರತ್ತಿನ ಬಾಯಿ ಕಡೆ ಕಳಿಸಿದ್ರು. ಫಿಜಿಯೋಥೆರಪಿ ಕಲಿತ ಮರಾಠಿ ಹೆಣ್ಮಗಳು, ಮೂವತ್ತರ ಆಸುಪಾಸು. ಟೇಬಲ್ ಮ್ಯಾಲ ಸೊಂಟದ ಎಲುಬಿನ ಗೊಂಬಿ ಇಟ್ಟಿದ್ರು. ಒಂದು ಅರಿಬಿ ತಗೊಂಡು ಅದರ ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನ ತನಕ ಕಟ್ಟಿ ತೋರಿಸಿದ್ರು. "ಸೈಟಿನ್ಯಾಗ ಗಿಡಕ್ಕ ಸೀರಿ ಕಟ್ಟಿ ಕೂಸು ಮಲಗಸ್ತಾರಲ್ಲ, ಝೋಳಿ, ಹಂಗ ಇದು. ಉಚ್ಚಿ ಚೀಲ, ಗರ್ಭಚೀಲ, ಹಿಂದಿನ ಕರುಳು, ಎಲ್ಲಾ ಇದರ ಮ್ಯಾಲ ಕುಂತಾವ. ಹಡದಾಗ ಜಗ್ಗತೈತಿ. ಭಾರ ಎತ್ತಿದ್ರ, ಮಲಬದ್ಧಕ್ಕ ತಿಣಕಿದ್ರ, ಹಳೆ ಕೆಮ್ಮು ಇದ್ರ ಸಡಲತೈತಿ." ಪುಸ್ತಕದ ಕನ್ನಡದಾಗ ಇದಕ್ಕ ಶ್ರೋಣಿತಳದ ಸ್ನಾಯು ಅಂತಾರಂತ. ಅಲ್ರೀ, ಅವ್ವನ ನೂರೆಂಟು ಹೆಸರು ನನಗ ಬಾಯಿಪಾಠ. ನನ್ನ ಮೈಯಾಗ ಹುಟ್ಟಿದಾಗಿಂದ ಇದ್ದದ್ದರ ಒಂದು ಹೆಸರು ಗೊತ್ತಿದ್ದಿಲ್ಲ. ಸಾಲಿಯೊಳಗ ಹೇಳಲಿಲ್ಲ, ಹೆರಿಗಿ ಆದ ಮ್ಯಾಲ ಹೇಳಲಿಲ್ಲ. ಕಿವಿ ಕಟ್ಟಿದ್ರು, ಅಂಟಿನ ಉಂಡಿ ತಿನಿಸಿದ್ರು, ಇದನ್ನ ಮಾತ್ರ ಯಾರೂ ಹೇಳಲಿಲ್ಲ.

ಮನಿಯವರು ಹೊರಗಿನ ಬಾಗಲದಾಗ ನಿಂತಿದ್ರು. "ಗಂಡಸರಿಗೂ ಇದು ಇರತೈತೇನ್ರಿ?" ಅಂತ ಅಲ್ಲಿಂದ ಕೇಳಿದ್ರು.

"ಇಲ್ಲದ ಮತ್ತ? ಗರ್ಭಚೀಲ ಅಷ್ಟ ಇಲ್ಲ. ನಿಮ್ಮ ಪ್ರಾಸ್ಟೇಟ್ ಇದರ ಮ್ಯಾಲ ಕುಂತಿರತೈತಿ. ಒಳಗ ಬರ್ರಿ ಕಾಕಾ, ನಾಚಬ್ಯಾಡ್ರಿ" ಅಂತ ಕರದು, ಗಂಡಸರಿಗೆ ಕಲಸೂ ಫಿಜಿಯೋನ ಹತ್ರ ಕಳಿಸಿಕೊಟ್ರು. ನಾಸಿಕದ ರಾಮಕುಂಡದ ತಣ್ಣೀರಿಗೆ ಇಳಿಯೂ ಹೊತ್ತಿಗೆ ಹೆಂಗ ಕೆಳಗಿಂದೆಲ್ಲಾ ಮ್ಯಾಲಕ್ಕ ಎಳಕೋತೀರಿ, ಹಂಗ ಎಳೀರಿ ಅಂತ ಅವರಿಗೆ ಹೇಳಿಕೊಟ್ರಂತ. ನನಗ ಹೇಳಿದ್ದು: ಗಾಳಿ ತಡಿಯೂ ಹಂಗ, ಉಚ್ಚಿ ತಡಿಯೂ ಹಂಗ, ಒಳಗ ಮತ್ತ ಮ್ಯಾಲಕ್ಕ ಎಳೀರಿ. ಉಸಿರು ಕಟ್ಟಬ್ಯಾಡ್ರಿ. ತೊಡಿ, ಕುಂಡಿ ಬಿಗಿಬ್ಯಾಡ್ರಿ. ಸ್ವಲ್ಪ ಹೊತ್ತು ಹಿಡೀರಿ, ಅಷ್ಟ ಹೊತ್ತು ಪೂರಾ ಬಿಡ್ರಿ. ಕೆಮ್ಮು, ಸೀನು ಬರೂಕಿಂತ ಮೊದಲ ಎಳಕೋರಿ. ನೀರು ಕುಡೀರಿ, ಸುಮ್ಮಸುಮ್ಮನ ಬಚ್ಚಲಕ್ಕ ಓಡಬ್ಯಾಡ್ರಿ. ಇಷ್ಟು ವರ್ಷ ನಾ ತಡಿಯಾಕ ಹೋದಾಗೊಮ್ಮೆ ಉಸಿರ ಕಟ್ಟಿ ಕೆಳಗ ದೂಡ್ತಿದ್ನಂತ. ಸರೀ ಉಲ್ಟಾ.

ಎಷ್ಟು ಸಲ ಅಂತನೂ ಬಾಯಿ ಹೇಳಿದ್ರು. ನಾ ಕೇಳಿದ್ರ ಅಲ್ಲೇನ್ರಿ? ನಾವು ಭಕ್ತರು, ನಮಗ ಎಂಟು ಹತ್ತರೊಳಗ ಹೊಟ್ಟಿ ತುಂಬಂಗಿಲ್ಲ. ನಾಸಿಕಕ್ಕ ಬಂದಾಕಿನ ಅವ್ವನ ಮುಂದ ಕುಂತು ನೂರೆಂಟು ನಾಮ ಹಿಡದ್ನಿ. ಒಂದು ನಾಮಕ್ಕ ಒಂದು ಸಲ ಬಿಗಿ. ಮುಂಜಾನೆ ನೂರೆಂಟು, ಸಂಜೀಕ ನೂರೆಂಟು. ನಡುವ ಬಿಡೂದ ಇಲ್ಲ. ಐದಾರು ದಿನಕ್ಕ ಕೆಳಗ ನೋವು ಹಿಡೀತು, ಸೊಂಟ ಹಿಡೀತು, ಉಚ್ಚಿ ಮಾಡಾಕ ಕುಂತ್ರ ಬರವಲ್ದು. ಸೋರೂದು ಮಾತ್ರ ಹಂಗ. ಅವತ್ತಿನ ಸಿಟ್ಟು ಏನ ಹೇಳ್ಲಿ! "ನಿನ್ನ ಹೆಸರ ತಗೊಂಡು ಮಾಡಿದ್ದಕ್ಕೂ ಹಿಂಗ ಮಾಡಿದ್ಯಾ? ಇನ್ನ ನೀನೂ ನನ್ನ ಮುಖಾ ನೋಡಬ್ಯಾಡ, ನಾನೂ ನಿನ್ನ ಮುಖಾ ನೋಡಂಗಿಲ್ಲ" ಅಂತ ಅವ್ವನ ಫೋಟೋ ಗ್ವಾಡಿ ಕಡೆ ತಿರುವಿ ಇಟ್ನಿ. ದೀಪ ಹಚ್ಚಿದ್ನಿ, ಅದೂ ಬೆನ್ನಿಗೆ. ಮಗಳು "ಮಮ್ಮಿ, ಹೇ ಕಾಯ್?" ಅಂತ ಇದೇನು ಅಂದ್ರ "ನನ್ನ ಅಕಿ ನಡುವಿನ ಮಾತು, ನೀ ಸುಮ್ಮಕಿರು" ಅಂದ್ನಿ.

ಮುಂದಿನ ಮಂಗಳವಾರ ಮತ್ತ ಬಸ್ಸು. ಕಸರತ್ತಿನ ಬಾಯಿ ಕೇಳಿ ಹಣಿ ಬಡಕೊಂಡ್ರು. "ನೂರೆಂಟು? ಕಾಕೂ, ಇದು ಸ್ನಾಯು, ಜಪಮಾಳಿ ಅಲ್ಲ. ದಿನಾ ಪೂರ್ತಿ ಮುಷ್ಟಿ ಕಟ್ಟಿ ಹಿಡದ್ರ ಕೈ ಏನಾಗತೈತಿ?" ಅಂತ ಬೈದ್ರು. ಮತ್ತ ಅವರ ಕೇಳಿದ್ರು, "ನಿಮ್ಮ ದೇವೀ ಹೆಸರು ಎರಡು ಹೇಳ್ರಿ." ಹೇಳಿದ್ನಿ. "ಮೊದಲನೇ ಹೆಸರಿಗೆ ಸಾವಕಾಶ ಎಳೀರಿ. ಎರಡನೇದಕ್ಕ ಪೂರಾ ಬಿಡ್ರಿ. ಬಿಡೂದು ಕಲೀದಿದ್ರ ಹಿಡಿಯೂದೂ ಬರಂಗಿಲ್ಲ. ಎಂಟು ಸಲ ಆತಂದ್ರ ಎದ್ದು ಅಡಿಗಿ ಮಾಡ್ರಿ. ದಿನಕ್ಕ ಮೂರು ಹೊತ್ತು. ಯಾಕ ಫರಕ ಇಲ್ಲ ಅಂತ ಮೂರು ತಿಂಗಳ ತನಕ ನನಗ ಕೇಳಬ್ಯಾಡ್ರಿ. ಮೊದಲ ನೋವು ಇಳೀಲಿ, ಒಂದು ವಾರ ಬರೇ ಬಿಡೂದನ್ನ ಮಾಡ್ರಿ."

ಮನಿಗೆ ಬಂದು ಫೋಟೋ ಮುಂದಕ್ಕ ತಿರುವಿದ್ನಿ. ತಪ್ಪಾತು ಅಂತ ಬಾಯಿ ಬಿಟ್ಟು ಹೇಳಲಿಲ್ಲ, ಕುಂಕುಮ ಹಚ್ಚಿದ್ನಿ. ಸಂಕ್ರಾಂತಿ ಮ್ಯಾಲ ಕೊಟ್ಟ ಆಪರೇಷನ್ ದಿನ ಬಂತು, ಹೋತು. ನಾ ಅತ್ತಾಗ ಕಾಲ ಇಡಲಿಲ್ಲ. ಎರಡು ತಿಂಗಳು ಏನೂ ಫರಕ ಕಾಣಲಿಲ್ಲ, ದಿನಾ ಗೊಣಗಿದ್ನಿ. ಮೂರನೇ ತಿಂಗಳ ಒಂದು ದಿನ ಒಗ್ಗರಣಿ ಘಾಟಿಗೆ ಸೀನಿದ್ನಿ, ಸೀನಿದ ಮ್ಯಾಲ ನೆನಪಾತು: ಲಂಗ ಒಣ ಐತಿ! ಸಟ್ಟುಗ ಕೈಯಾಗ ಹಿಡಕೊಂಡೇ ದೇವರ ಖೋಲಿಗೆ ಓಡಿದ್ನಿ. ಮನಿಯವರಿಗೂ ಬ್ಯಾಸಗಿ ಮುಗಿಯೂದರಾಗ ಬಾಳ ಕಮ್ಮಿ ಆತು. ರಬ್ಬರ್ ಶೀಟು ತಗದು ಪಾತ್ರಿ ಇಡೂ ಗಡಂಚಿ ಕೆಳಗ ಹಾಕ್ಯಾರ. ಸುಳ್ಳ ಯಾಕ ಹೇಳ್ಲಿ, ಇಬ್ಬರಿಗೂ ಭಾರ ಎತ್ತಿದ್ರ ಇನ್ನೂ ಒಂದೆರಡು ಹನಿ ಬರತಾವ. ಕೊಡ ಈಗ ಅರ್ಧಾ ತುಂಬತೀನಿ.

ಈ ವರ್ಷದ ನವರಾತ್ರಿಗೆ ನನ್ನ ಜಾಗಾ ನನಗ ಸಿಕ್ತು. ಮೊದಲನೇ ದಿನ ಹಸರ ಇಳಕಲ್ ಸೀರಿ ಉಟ್ಟು, ಮನಿಯೊಳಗ ನೀರು ಕುಡದು, ಶಾಂತಕ್ಕನ ಹಾಲಿನ್ಯಾಗ ಅವ್ವನ ಮುಂದ ಕುಂತ್ನಿ. ಒಂದೂವರೆ ತಾಸು ಓದಿದ್ನಿ. ಮೈ ಹಗುರ, ಸೀರಿ ಒಣ. ನಾ ಬೇಡಿದ್ದು ಪೂರಾ ಸಿಕ್ಕಿತ್ತು, ಮಂಗಳಾರತಿ ತನಕ ತಡಿಯೂ ಶಕ್ತಿ ನನಗಿತ್ತು. ಅಷ್ಟರಾಗ ಪುಟಾ ತಿರುವುವಾಗ ತಲಿ ಎತ್ತಿ ನೋಡಿದ್ನಿ. ಶಾಂತಕ್ಕ ಒಂದು ಮಗ್ಗಲಿಗೆ ವಾಲಿ ಕುಂತಾರ, ಹಣಿ ಮ್ಯಾಲ ಬೆವರು, ಕಾಲಿನ ಬೆರಳು ಬಿಗಿ ಹಿಡದಾರ. ಆ ಕುಂದ್ರೂ ರೀತಿ ನನಗ ಗೊತ್ತಿಲ್ಲೇನ್ರಿ? ಇಪ್ಪತ್ತೆರಡು ವರ್ಷ ನಾ ಕುಂತೀನಿ ಹಂಗ. ಅವರ ಹಿಂದಿನಾಕೀದೂ ಅದ ಗತಿ. ಬಾಗಲದ ಹತ್ರ ಇದ್ದಾಕಿ ಸೆರಗು ಹಿಂಡಾಕತ್ತಿದ್ಲು. ನನಗ ಸಿಟ್ಟು ಉಕ್ಕಿ ಬಂತು. ಎಂಥಾ ಹುಚ್ಚ ಮಂದೀರಿ ನಾವು! ಅವ್ವ ಹಡದಾಕಿ, ಅವ್ವನ ಮುಂದ ಉಚ್ಚಿ ಬಂತು ಅನ್ನಾಕ ಅಂಜತೀವಿ.

ಅಧ್ಯಾಯ ಮುಗಿಸಿ, ಪುಸ್ತಕದಾಗ ಹೂವಿನ ಎಸಳು ಇಟ್ಟು ಮುಚ್ಚಿದ್ನಿ. ಎದ್ದ ನಿಂತ್ನಿ. "ನನಗ ಬಚ್ಚಲಕ್ಕ ಹೋಗೂದೈತಿ" ಅಂದ್ನಿ, ಹೋಗೂದು ಇರದಿದ್ರೂ. "ಯಾರ್ಯಾರಿಗೆ ಹೋಗೂದೈತಿ ಹೋಗಿ ಬರ್ರಿ. ಕೈಕಾಲ ತೊಳಕೊಂಡು ಮತ್ತ ಕುಂದ್ರೂಣು. ಅವ್ವ ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಇರತಾಳ."

ಯಾರೂ ಮಿಸುಕಲಿಲ್ಲ. ಎಲ್ಲಾರೂ ಶಾಂತಕ್ಕನ ಕನ್ನಡಕ ನೋಡಾಕತ್ತಿದ್ರು. ಶಾಂತಕ್ಕ ಗ್ವಾಡಿ ಹಿಡದು ಎದ್ರು. ನನ್ನ ಮುಂದ ಹಾದು ಬಚ್ಚಲಕ್ಕ ಹೋಗಿ ಬಾಗಲಾ ಹಾಕ್ಕೊಂಡ್ರು. ಅವರ ಹಿಂದ ಹನ್ನೊಂದು ಮಂದಿ ಒಮ್ಮೆಲೆ ಎದ್ರು ನೋಡ್ರಿ! ಸಣ್ಣ ಪ್ಯಾಸೇಜಿನ್ಯಾಗ ಜರಿ ಸೀರಿ ಉಟಗೊಂಡು ಸರತಿ ಹಚ್ಚಿ ನಿಂತ್ರು. ಒಬ್ಬಾಕಿ ನಕ್ಕಳು, "ಅಯ್ಯ, ನಗಸಬ್ಯಾಡ್ರೆವಾ, ಇಲ್ಲೇ ಆಗತೈತಿ" ಅಂತ ಇನ್ನೊಬ್ಬಾಕಿ. ಹೊರಗ ಬಂದ ಶಾಂತಕ್ಕ ಒದ್ದಿ ಕೈಲೆ ನನ್ನ ಕೈ ಹಿಡದ್ರು. "ಮೂವತ್ತು ವರ್ಷ ಆತವಾ ಸುವರ್ಣಾ" ಅಂದ್ರು. ಅಷ್ಟ ಅಂದ್ರು. ಮರುದಿನ ಪಾರಾಯಣಕ್ಕ ಮೊದಲ ಅವರ ಎದ್ದು ನಿಂತು ಹೇಳಿದ್ರು, ಇನ್ನ ಮುಂದ ಅಧ್ಯಾಯಕ್ಕೊಮ್ಮೆ ಬಿಡುವು ಅಂತ.

ಅವ್ವಾ, ನನ್ನ ಸಿಟ್ಟು ತಡಕೊಂಡಾಕಿ ನೀನು. ಬೆನ್ನಿಗೆ ದೀಪ ಹಚ್ಚಿದ್ರೂ ಬೆಳಕ ಕೊಟ್ಟಾಕಿ ನೀನು. ನಿನಗ ಕೋಟಿ ಶರಣು. ಲಕ್ಷ್ಮವ್ವನ ಹಳೆ ಸೀರಿ ಒಗದು ಮಡಚಿ ಕೊಡಾಕ ಹೋಗಿದ್ನಿ, "ಇಟಗೋರಿ ಅಕ್ಕಾರ, ಬಸ್ಸಿನ್ಯಾಗ ಯಾರಿಗರ ಬೇಕಾಗತೈತಿ" ಅಂದ್ಲು. ಅದು ಈಗ ನನ್ನ ಕೈಚೀಲದಾಗ ಇರತೈತಿ. ಇದನ್ನ ಓದೂ ಅಕ್ಕಂದಿರೇ, ಅಣ್ಣಂದಿರೇ, ಹರಕಿ ಹೊರ್ರಿ, ಬ್ಯಾಡ ಅನ್ನಂಗಿಲ್ಲ, ಹರಕಿ ಹೊತ್ತ ಮ್ಯಾಲ ದವಾಖಾನಿಗೂ ಹೋಗ್ರಿ. ಬರೂ ಸೋಮವಾರ ನಾನೂ ಮನಿಯವರೂ ಕೂಡೇ ತ್ರ್ಯಂಬಕಕ್ಕ ಹೊಂಟೀವಿ. ಸರತಿಯೊಳಗ ನಡುವ ಹೊರಗ ಬರೂ ಪ್ರಸಂಗ ಬಂದ್ರ ಬರತೀವಿ. ಹೋಗಿ, ಕೈಕಾಲ ತೊಳಕೊಂಡು, ಮತ್ತ ಕಡೀಕ ನಿಂದರತೀವಿ. ಆ ಹತ್ತ ಹೆಜ್ಜಿ ಈ ಸಲ ಬಿಡಂಗಿಲ್ಲ.